ಗಾಳಿಗೆ ಬೀಗ ಹಾಕಿದ ನನ್ನ ಮೈದ

ಗಾಳಿಗೆ ಬೀಗ ಹಾಕಿದ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿರಲಾರಿರಿ ಬಿಡಿ. ನಾನು ಮೂವತ್ತು ವರ್ಷದಿಂದ ಅವನಿಗೆ ಮುದ್ದೆ ಬಡಿಸ್ತಾ ಇದ್ದೀನಿ! ನಮ್ಮ ಯಜಮಾನರ ತಮ್ಮ, ಅಂದರೆ ನನ್ನ ಮೈದ. ಹೆಸರು ಬರೆಯೋಲ್ಲ. ಬರೆದರೆ ಈ ಪುಸ್ತಕಕ್ಕೂ ಒಂದು ಬೀಗ ತಂದು ಜಡಿದುಬಿಡ್ತಾನೆ, ಆಮೇಲೆ ನೀವು ಓದೋದು ಹೆಂಗೆ? ನನ್ನ ಓದು ಮೂರನೇ ಕ್ಲಾಸಿಗೆ ನಿಂತಿದ್ದು. ಅಕ್ಷರ ಸೊಟ್ಟಗಿದ್ದರೆ ನನ್ನನ್ನು ಬೈಬೇಡಿ, ತೊಡೆ ಮೇಲೆ ಕೂತು ಪೆನ್ನು ಎಳೀತಾ ಇರೋ ನನ್ನ ಮೊಮ್ಮಗಳನ್ನ ಬೈಯಿರಿ. ಬೈದರೆ ಅವಳು ನಗ್ತಾಳೆ. ಅಯ್ಯೋ, ಆ ನಗು! ಮೇಲೆ ಎರಡು ಹಲ್ಲು, ಕೆಳಗೆ ಎರಡು ಹಲ್ಲು! ಇರಲಿ, ಅವಳ ಸುದ್ದಿ ಶುರು ಮಾಡಿದರೆ ಮೈದ ಹಿಂದೆ ಬೀಳ್ತಾನೆ.

ಮೈದನ ಉಡಿದಾರದಲ್ಲಿ ಹದಿನೇಳು ಬೀಗದ ಕೈ ಇದ್ದವು. ಅವನು ಗದ್ದೆ ಬದುವಿನ ಮೇಲೆ ನಡೆದು ಬರ್ತಿದ್ದರೆ ಕ್ಯಾತನಹಳ್ಳಿಯ ಎತ್ತುಗಳೆಲ್ಲ ಯಾವುದೋ ಗಾಡಿ ಬಂತು ಅಂತ ಕಿವಿ ನಿಮಿರಿಸ್ತಿದ್ದವು. ಪಂಪ್‌ಸೆಟ್ ಮನೆಗೆ ಬೀಗ ಎಲ್ಲರೂ ಹಾಕ್ತಾರೆ, ಸರಿ. ಮಜ್ಜಿಗೆ ಗಡಿಗೆ ಇಟ್ಟ ಗೂಡಿಗೆ ಯಾರು ಹಾಕ್ತಾರೆ? ಬಾವಿ ಹಗ್ಗಕ್ಕೆ ಯಾರು ಹಾಕ್ತಾರೆ? ಒಂದು ಸಲ ಕಾವಿಗೆ ಕೂತ ಕೋಳಿಯ ಪಂಜರಕ್ಕೆ ಬೀಗ ಹಾಕಿ ಕೆ.ಆರ್. ಪೇಟೆ ಸಂತೆಗೆ ಹೋಗಿಬಿಟ್ಟ. ಅವತ್ತೇ ಮೊಟ್ಟೆ ಒಡೆದು ಮರಿಗಳು ಚಿಂವ್ ಚಿಂವ್ ಅಂತಾವೆ ಪಂಜರದೊಳಗೆ, ಬೀಗದ ಕೈ ಸಂತೆಯೊಳಗೆ! ಮನೆಮಂದಿಯೆಲ್ಲ ಸುತ್ತ ಕೂತು ಸಂದಿಯಲ್ಲಿ ನುಚ್ಚು ಉದುರಿಸಿದ್ವಿ. ಸಂಜೆ ಬಂದವನು ಏನಂದ ಗೊತ್ತಾ? "ನೋಡ್ದಾ ಅತ್ಗೆ, ಒಂದ್ ಮರೀನೂ ಕಳ್ವಾಗಿಲ್ಲ!"

ಇಂಥವನಿಗೆ ಮದುವೆ ಯಾಕಾಗಲಿಲ್ಲ ಅಂತ ಕೇಳ್ತೀರಾ? ಕಿರಂಗೂರಿಗೆ ಹೆಣ್ಣು ನೋಡೋಕೆ ಹೋಗಿದ್ವಿ. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಇವನು ಹುಡುಗಿಯ ಮುಖ ನೋಡೋದು ಬಿಟ್ಟು ಬಾಗಿಲ ಚಿಲಕ ನೋಡ್ತಾ ಕೂತ. "ಮಾವಾ, ಈ ಚಿಲ್ಕ ಒಂದ್ ಒದೆಗೂ ತಡೆಯಾಕಿಲ್ಲ" ಅಂದ. ಹೊರಡುವಾಗ ಜೇಬಿನಿಂದ ತನ್ನದೇ ಬೀಗ ತೆಗೆದು, ಬಾಗಿಲು ಮುಂದಕ್ಕೆಳೆದು, ಹೆಂಗೆ ಹಾಕಬೇಕು ಅಂತ ಹಾಕಿ ತೋರಿಸಿದ. ಬಸ್ಸು ಪಾಂಡವಪುರ ದಾಟಿದ ಮೇಲೆ ಕೈ ಸೊಂಟಕ್ಕೆ ಹೋಯಿತು. "ಅತ್ಗೆ, ಅವ್ರ ಬಾಗ್ಲಿಗೆ ಹಾಕಿದ್ ಬೀಗದ ಕೈ ಇಲ್ಲೇ ಬಂದ್ಬುಟ್ಟೈತೆ!" ಹುಡುಗಿ, ಹುಡುಗಿಯ ಅಪ್ಪ, ಮಿಕ್ಕ ಉಪ್ಪಿಟ್ಟು, ಎಲ್ಲ ಒಳಗೆ! ಅವರು ಹಿತ್ತಲ ಗೋಡೆ ಹಾರಿ ಹೊರಗೆ ಬಂದರಂತೆ. ಸಂಬಂಧವೂ ಅದೇ ಗೋಡೆ ಹಾರಿ ಹೋಯಿತು.

ಮನೆಗೆ ಟೆಲಿಫೋನು ಬಂದಾಗ ಅವನ ಸಂಭ್ರಮ ಹೇಳತೀರದು. ನಂಬರು ತಿರುಗಿಸೋ ಚಕ್ರದ ತೂತಿಗೆ ಹಾಕೋ ಪುಟಾಣಿ ಬೀಗ ಆಗ ಸಿಗ್ತಿತ್ತಲ್ಲ, ಅದೊಂದು. ಫೋನು ಇಡೋಕೆ ಮರದ ಡಬ್ಬ, ಡಬ್ಬಕ್ಕೊಂದು ಬೀಗ. ಡಬ್ಬ ಇಟ್ಟ ಕೋಣೆಗೊಂದು. ಮೂರು ಬೀಗ ತೆಗೆದು 'ಹಲೋ' ಅನ್ನೋ ಹೊತ್ತಿಗೆ ಫೋನು ಮಾಡಿದವರು ಬಸ್ಸು ಹತ್ತಿ ಮನೆಗೇ ಬಂದುಬಿಡೋರು!

ಇಷ್ಟು ನಗಿಸಿದ ಮೇಲೆ ನನ್ನ ಮಗಳ ವಿಷಯ ಹೇಳಲೇಬೇಕು. ಅವಳನ್ನು ನಾಗಮಂಗಲ ತಾಲ್ಲೂಕು ಬಿಂಡಿಗನವಿಲೆಗೆ ಕೊಟ್ಟಿದ್ವಿ. ಮೊದಲನೇ ಮಗು ದಿನ ತುಂಬೋಕೆ ಮುಂಚೆ ಹುಟ್ಟಿ ಒಂದು ದಿನವೂ ಉಳೀಲಿಲ್ಲ. ಗಂಡು ಮಗು. ಮಾರನೇ ವರ್ಷ ಮತ್ತೆ ಬಸುರು ನಿಂತಿತು. ಆರನೇ ತಿಂಗಳಿಗೇ ತೌರಿಗೆ ಕರೆದುಕೊಂಡು ಬಂದ್ವಿ. ಪಾಂಡವಪುರದ ಡಾಕ್ಟ್ರಮ್ಮ, "ಮಂಚ ಬಿಟ್ಟು ಇಳೀಬಾರದು. ಹೊಟ್ಟೆ ತುಂಬ ತಿನ್ನಬೇಕು. ಅವಳು ತಿಂದರೆ ಮಗು ಉಳಿಯುತ್ತೆ. ನೋವು ಬಂದರೆ ಒಂದು ಗಳಿಗೆ ತಡಮಾಡದೆ ಕರೆತನ್ನಿ" ಅಂದರು. ಇವಳು ತಿನ್ನೋದಿರಲಿ, ಗೋಡೆ ಕಡೆ ತಿರುಗಿ ಮಲಗಿದರೆ ಮಾತೂ ಇಲ್ಲ. ಮುದ್ದೆ ತಟ್ಟೆ ಹೋದ ಹಾಗೇ ವಾಪಸ್ಸು ಬರೋದು. ಹೊಟ್ಟೆಯಲ್ಲಿರೋದು ಬೆಳೀಬೇಕು, ಹೊತ್ತವಳು ಕರಗ್ತಾ ಇದ್ದಾಳೆ. ಹೆತ್ತ ಕರುಳು ಏನು ಮಾಡಬೇಕು ಹೇಳಿ?

ಮಲಗಿದಲ್ಲೇ ಮಾತಾಡಲಿ ಅಂತ ಅಳಿಯಂದಿರು ಶ್ರೀರಂಗಪಟ್ಟಣದ ಒಂದು ಅಂಗಡಿಯಿಂದ ತಂತಿಯಿಲ್ಲದ ಫೋನು ತಂದರು. ಕಾರ್ಡ್‌ಲೆಸ್ಸು ಅಂತ. ಟೆಲಿಫೋನು ಲೈನು ಸಿಕ್ಕಿಸೋಕೆ ಒಂದು ಪೆಟ್ಟಿಗೆ, ಕೈಯಲ್ಲಿ ಹಿಡಿದು ಓಡಾಡೋಕೆ ಒಂದು ರಿಸೀವರು. ರಿಸೀವರಿಗೆ ಮೇಕೆ ಕೋಡಿನ ಹಾಗೆ ಉದ್ದನೆ ಏರಿಯಲ್ಲು. ಮೈದ ಅದಕ್ಕೆ ಮೂರು ಸುತ್ತು ಬಂದ.

"ತಂತಿ ಎಲ್ಲಿ ಅಳಿಯಂದ್ರೆ?"

"ಇಲ್ಲ ಮಾವ. ಮಾತು ಗಾಳೀಲೇ ಹೋಗ್ತದೆ."

"ಗಾಳೀಲಿ ಹೋಗೋದ್ನ ದಾರೀಲಿ ಯಾರಾರ ಇಡ್ಕಂಡ್ರೆ?"

"ಇಡ್ಕಬೋದು" ಅಂದುಬಿಟ್ಟರು ಅಳಿಯಂದಿರು, ತಮಾಷೆಗೆ.

ಮುಗೀತು! ಅವತ್ತಿನಿಂದ ಮೈದನಿಗೆ ಅನ್ನ ನೀರು ಸೇರಲಿಲ್ಲ. ಮನುಷ್ಯ ಅಂದಮೇಲೆ ಬಾಗಿಲಿಗೆ ಬೀಗ ಹಾಕಬಹುದು, ಬಾಗಿಲೇ ಇಲ್ಲದ್ದಕ್ಕೆ ಎಲ್ಲಿ ಅಂತ ಹಾಕೋದು? ಯೋಚಿಸಿ ಯೋಚಿಸಿ ಪೆಟ್ಟಿಗೆಯನ್ನು ಎತ್ತಿ ಕಬ್ಬಿಣದ ಟ್ರಂಕಿನಲ್ಲಿಟ್ಟು ಎರಡು ಬೀಗ ಜಡಿದ. ಫೋನು ಗೊರ ಗೊರ ಅಂದು ಸತ್ತೇ ಹೋಯಿತು. "ನೋಡ್ದಾ ಅತ್ಗೆ, ಈಗ ಒಬ್ನೂ ಕದಿಯಾಕಾಗಲ್ಲ!" ಅಂದ. "ನಾವೂ ಮಾತಾಡಾಕಾಗಲ್ವಲ್ಲ ಕಣ್ಲಾ!" ಅಂದೆ. "ಅದೇ ಭದ್ರ" ಅಂದ! ನಾನು ಒನಕೆ ತೋರಿಸಿದ ಮೇಲೆ ಪೆಟ್ಟಿಗೆ ದೇವರ ಗೂಡಿನ ಪಕ್ಕಕ್ಕೆ ಬಂತು.

ಇನ್ನು ಮುಂದಿನದನ್ನ ಬರೆಯೋಕೆ ಈಗಲೂ ನನ್ನ ಕೈ ಕೂದಲು ನಿಮಿರ್ತವೆ. ಪುಷ್ಯ ಮಾಸ, ಚಳಿ. ಕಬ್ಬು ಆಳೆತ್ತರ ನಿಂತು ಮನೆ ಹಿತ್ತಲವರೆಗೂ ಬಂದಿತ್ತು. ನಾಲೆ ಮೇಲಿಂದ ಮಂಜು ಎದ್ದು ಕಬ್ಬಿನ ಮೇಲೆ ಮಲಗ್ತಿತ್ತು. ದೀಪ ಹಚ್ಚೋ ಹೊತ್ತು, ಆರು ಗಂಟೆ. ಕರೆಂಟು ಹೋಗಿತ್ತು. ಪೆಟ್ಟಿಗೆಯ ಕೆಂಪು ದೀಪವೂ ಆರಿತ್ತು. ನಾನು ಬುಡ್ಡಿ ದೀಪ ಹಿಡಿದು ಮಗಳ ಕೋಣೆಗೆ ಹೋದರೆ, ಅವಳ ತಲೆದಿಂಬಿನ ಪಕ್ಕದಲ್ಲಿದ್ದ ರಿಸೀವರಿನಿಂದ ಒಣಗಿದ ಕಬ್ಬಿನ ಸೋಗೆ ತಿಕ್ಕಿದ ಹಾಗೆ ಸದ್ದು. ಆಮೇಲೆ, ಬಲು ದೂರದಿಂದ, ಒಬ್ಬಳು ಹೆಂಗಸು ಹಾಡ್ತಾ ಇದ್ದಳು:

"ಕರು ಮಲಗೈತೆ, ಕೋಳಿ ಮಲಗೈತೆ, ನೀನ್ಯಾಕೆ ಮಲಗಿಲ್ಲ ನನ್ ಕಂದ..."

ನಡುವೆ ಒಂದು ಮಗು ಕುಯ್ ಅಂತು. ಆಮೇಲೆ 'ಟಕ್' ಅಂತ ಸದ್ದು. ಅಷ್ಟೇ.

ನಮ್ಮನೆಯಲ್ಲಿ ಮಗು ಇಲ್ಲ. ಪೆಟ್ಟಿಗೆಗೆ ಕರೆಂಟಿಲ್ಲ. ಬೆಲ್ಲು ಹೊಡೆದಿಲ್ಲ. ಬುಡ್ಡಿಯನ್ನ ಅಲ್ಲೇ ನೆಲದ ಮೇಲಿಟ್ಟು ಗೋಡೆಗೆ ಒರಗಿದೆ. ಮಗಳು ಮಾತ್ರ ಕಣ್ಣು ಬಿಟ್ಟು, ಸೂರು ನೋಡ್ತಾ, ಸುಮ್ಮನೆ ಮಲಗಿದ್ದಳು.

ಮಾರನೇ ದಿನ ನಾನು ಪೆಟ್ಟಿಗೆಯ ವೈರನ್ನೇ ಕಿತ್ತು ಹಾಕಿದೆ. ಆರು ಗಂಟೆ ಆಯಿತು. ಕಿತ್ತ ವೈರು ಸತ್ತ ಕೇರೆ ಹಾವಿನ ಹಾಗೆ ನೆಲದ ಮೇಲೆ ಬಿದ್ದಿದೆ, ರಿಸೀವರಿನಲ್ಲಿ ಅದೇ ಹಾಡು! ನಾನು "ದೆವ್ವ!" ಅಂತ ಕಿರುಚಿದೆ. ಮೈದ "ಕಳ್ರು!" ಅಂತ ದೊಣ್ಣೆ ತಗೊಂಡ. ಜಗಲಿ ಮೇಲೆ ಕಂಬಳಿ ಹೊದ್ದು ಕೂತಿದ್ದ ಯಜಮಾನರು, "ಕಳ್ ದೆವ್ವ ಇರ್ಬೋದು ಬುಡ್ರಿ" ಅಂದು ಬೀಡಿ ಹಚ್ಚಿದರು.

ನಾಲ್ಕನೇ ಸಂಜೆ ಹಾಡು ಮುಗಿದ ಮೇಲೆ ಮಗಳು ನನ್ನ ಕೈ ಹಿಡಿದುಕೊಂಡಳು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು.

"ಅವ್ವ, ಹೆದ್ರಬ್ಯಾಡ. ನನ್ ಮೊದ್ಲುನೇ ಮಗೀಗೆ ಅಲ್ಲಿ ಯಾರೋ ಹಾಡ್ತಾವ್ರೆ. ಅದು ಒಂಟಿಯಾಗಿಲ್ಲ."

ನಾನು 'ಶಿವ ಶಿವ' ಅಂದೆ. ಅಷ್ಟರಲ್ಲಿ ಅವಳು, "ಹೊಟ್ಟೆ ಹಸೀತದೆ ಕಣವ್ವ" ಅಂದಳು. ಒಂದು ಇಡೀ ಮುದ್ದೆ ನುಂಗಿದಳು! ನಾನು ನಗಲೋ ಅಳಲೋ? ಹೆದರಿಕೊಂಡೇ ಇನ್ನರ್ಧ ಮುದ್ದೆ ಇಕ್ಕಿದೆ.

ಆದರೆ ನನ್ನೊಳಗಿನ ಭಯ ಬೇರೆ ಇತ್ತು. ಮೊದಲನೆಯದನ್ನು ಕರೆದುಕೊಂಡು ಹೋದ ಆ ದನಿ ಎರಡನೆಯದನ್ನೂ ಕರೀತಾ ಇದ್ದರೆ? ದಿನಾ ಅದೇ ಹೊತ್ತಿಗೆ, ಅದೇ ಹಾಡು. ನಿಂಬೆಹಣ್ಣು ಕಟ್ಟಿದೆ, ಮೆಣಸಿನಕಾಯಿ ನೀವಾಳಿಸಿದೆ, ಏರಿಯಲ್ಲಿಗೆ ವಿಭೂತಿ ಬಳಿದೆ. ಆ ದನಿಗೆ ಕೆಮ್ಮು ಕೂಡ ಬರಲಿಲ್ಲ. ಕೊನೆಗೆ ಮೈದನ ಮುಂದೆ ಕೈ ಮುಗಿದೆ: "ಏನಾರ ಮಾಡಪ್ಪ, ಅದು ಒಳಕ್ಕೆ ಬರದಂಗೆ ಬೀಗ ಹಾಕು." ಮೂವತ್ತು ವರ್ಷದಲ್ಲಿ ನಾನಾಗಿ ಬೀಗ ಹಾಕು ಅಂದಿದ್ದು ಅದೇ ಮೊದಲು! ಅವನ ಎದೆ ಎರಡು ಅಂಗುಲ ಉಬ್ಬಿತು.

ಫೋನನ್ನು ಟವಲಿನಲ್ಲಿ ಸುತ್ತಿ ಶ್ರೀರಂಗಪಟ್ಟಣಕ್ಕೆ ಹೋದ. ಅಂಗಡಿಯ ರಿಪೇರಿಯವನು ತಿರುವಿ ಹಾಕಿ ತೋರಿಸಿದನಂತೆ: ಪೆಟ್ಟಿಗೆಯ ಹೊಟ್ಟೆಯಡಿ ಒಂದು ಸಾಲು, ರಿಸೀವರಿನ ಬ್ಯಾಟರಿಯ ಹಿಂದೆ ಒಂದು ಸಾಲು, ಅಕ್ಕಿ ಕಾಳಿನಷ್ಟು ಸಣ್ಣ ಸ್ವಿಚ್ಚುಗಳು. ಕೆಲವನ್ನು ಮೇಲೆ, ಕೆಲವನ್ನು ಕೆಳಗೆ ಮಾಡಿ ಎರಡರಲ್ಲೂ ಒಂದೇ ಗುಟ್ಟಿನ ನಂಬರು ಕೂರಿಸಿದರೆ ಆ ಪೆಟ್ಟಿಗೆ ಆ ರಿಸೀವರಿಗೆ ಮಾತ್ರ ಬಾಗಿಲು ತೆಗೆಯುತ್ತೆ. ಮೈದ ಇದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರು! "ಅತ್ಗೆ, ಗಾಳಿಗೂ ಬೀಗ ಮಾಡವ್ರೆ ಕಣತ್ಗೆ!"

ಮನೆಮಂದಿಯನ್ನೆಲ್ಲ ಹೊರಗೆ ಕಳಿಸಿದ. ಬೆಕ್ಕನ್ನೂ ಕಳಿಸಿದ. ಕಂಬಳಿ ಮುಸುಕು ಹಾಕಿಕೊಂಡು, ಬ್ಯಾಟರಿ ಲೈಟು ಬಾಯಲ್ಲಿ ಕಚ್ಚಿಕೊಂಡು, ನನ್ನ ತಲೆಯಿಂದ ಒಂದು ಹೇರ್‌ಪಿನ್ನು ಇಸ್ಕೊಂಡು ಸ್ವಿಚ್ಚು ತಿರುಗಿಸಿದ. ಕಂಬಳಿಯಿಂದ ಹೊರಗೆ ಬಂದಾಗ ಹೆತ್ತವನ ಹಾಗೆ ಬೆವತಿದ್ದ.

"ನಂಬ್ರ ಎಷ್ಟ್ಲಾ?" ಅಂದರು ಯಜಮಾನರು.

"ಎಂಡ್ರಿಗೂ ಏಳಾಕಿಲ್ಲ!"

"ನಿಂಗೆಲ್ಲವ್ಳೋ ಎಂಡ್ರು!"

ಅವತ್ತು ಸಂಜೆ ಆರು ಗಂಟೆಗೆ ರಿಸೀವರು ಮೂಕವಾಗಿತ್ತು. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಹಚ್ಚಿ ಒಳಗೆ ಹೋದರೆ ಮಗಳು ರಿಸೀವರನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಾಳೆ. ಆರೂವರೆ ಆಯಿತು, ಏಳಾಯಿತು, ಕಿವಿಯಿಂದ ತೆಗೀಲಿಲ್ಲ. ತಟ್ಟೆ ಹೋದ ಹಾಗೇ ವಾಪಸ್ಸು ಬಂತು. ಮಾರನೇ ದಿನವೂ ಅಷ್ಟೇ. "ಅವ್ವ, ಅದ್ನ ಯಾರೂ ನೋಡ್ಕತಾ ಇಲ್ವೇನವ್ವ ಈಗ?" ಅಂದಳು. ನಾನು ಸೆರಗು ಬಾಯಿಗಿಟ್ಟುಕೊಂಡು ಅಡಿಗೆ ಮನೆಗೆ ಬಂದೆ. ಬಾಗಿಲ ಹತ್ತಿರ ಮೈದ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಚಪ್ಪಲಿ ಮೆಟ್ಟಿಕೊಂಡು ನಾಲೆ ಕಡೆ ಹೋದವನು ಮಂಡಿವರೆಗೂ ಕೆಸರು ಮಾಡಿಕೊಂಡು ವಾಪಸ್ಸು ಬಂದ. ಎಲ್ಲಿಗೆ ಹೋಗಿದ್ದೆ ಅಂದರೆ ಕಾಲು ತೊಳೆಯೋಕೆ ಹಿತ್ತಲಿಗೆ ಹೋದ. ಬೀಗದ ಕೈಗಳು ಸದ್ದು ಮಾಡ್ತಿರಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಮೂರನೇ ಸಂಜೆ, ಆರು ಗಂಟೆಗೆ ಸರಿಯಾಗಿ, ಹಾಡು ಮತ್ತೆ ಬಂತು!

ಮಗಳು ತಿಂದಳು. ನಾವು ಮೈದನನ್ನು ತಿಂದ್ವಿ! "ಗಾಳಿಗೆ ಬೀಗ ಹಾಕೋಕೋದ, ಗಾಳಿ ಹಲ್ ಕಿರ್ಕಂಡು ಬಂದ್ಬುಡ್ತು" ಅಂತ ಯಜಮಾನರು. "ನಿನ್ ಜನ್ಮದಲ್ಲಿ ಒಂದ್ ಬೀಗ ನೆಟ್ಗೆ ಹಾಕ್ಲಾ" ಅಂತ ನಾನು. ಊರಿನ ಅರಳಿಕಟ್ಟೆಯಲ್ಲೂ ನಗಾಡಿದರು. ಬೀಗದ ಮಾತಿಗೆ ಒಂದು ಎದುರಾಡಿದರೆ ಮೂರು ದಿನ ಜಗಳ ಕಾಯೋ ಮನುಷ್ಯ, ತಲೆ ಕೆರೆದುಕೊಂಡು, "ಫಾರಿನ್ ಮಾಲು ಕಣತ್ಗೆ, ನಿಲ್ಲಾಕಿಲ್ಲ" ಅಂದ. ಅಷ್ಟೇ ಅಂದ! ನನಗೆ ಅದೇ ಒಂದು ದೆವ್ವ ಹಿಡಿದ ಹಾಗೆ ಕಾಣಿಸ್ತು.

ಅಲ್ಲಿಂದ ಮನೆಯಲ್ಲಿ ವಿಚಿತ್ರ ಶುರುವಾಯಿತು. ನನ್ನ ಹೇರ್‌ಪಿನ್ನುಗಳು ಮಾಯ! ಇವತ್ತು ಕನ್ನಡಿ ಮುಂದೆ ಇಟ್ಟರೆ ನಾಳೆ ಇಲ್ಲ. ಐದೂಮುಕ್ಕಾಲಿಗೆ ರಿಸೀವರು ತನ್ನ ಜಾಗದಲ್ಲಿ ಇರ್ತಿರಲಿಲ್ಲ, ಆರಕ್ಕೆ ಇರ್ತಿತ್ತು. ಒಂದು ದಿನ ಅದರ ಮೈಗೆ ಒಣಹುಲ್ಲು ಅಂಟಿತ್ತು. ಬಸುರಿ ಇರೋ ಮನೆಯಲ್ಲಿ ತಲೆಪಿನ್ನು ಕದಿಯೋ ದೆವ್ವದ ಕಥೆ ನನ್ನ ಅಜ್ಜಿ ಹೇಳ್ತಿದ್ದಳು. ನಾನು ಜಡೆ ಬಿಟ್ಟು ಗಂಟು ಕಟ್ಟಿಕೊಂಡೆ. ಆ ದನಿಯನ್ನು ಒಳಗೊಳಗೇ ಬೇಡಿಕೊಳ್ತಿದ್ದೆ: "ತಾಯೀ, ನೀನು ಯಾರೋ ಗೊತ್ತಿಲ್ಲ. ಅಲ್ಲಿರೋದನ್ನ ಆಡಿಸ್ಕೋ. ಇದನ್ನ ನಮಗೆ ಬಿಡು."

ಒಂಬತ್ತನೇ ತಿಂಗಳು ಹಿಡೀತು. ಒಂದು ಸಂಜೆ ಆರಕ್ಕೆ ಎರಡು ನಿಮಿಷ ಇರುವಾಗ ಮಗಳು "ಅವ್ವಾ!" ಅಂತ ಕೂಗಿದಳು. ನೀರು ಒಡೆದಿತ್ತು. ಪಾಂಡವಪುರದಿಂದ ಕಾರು ಕರೆಸಬೇಕು. ಓಡಿ ಬಂದೆ, ರಿಸೀವರಿಲ್ಲ! ಯಜಮಾನರು ಮಗಳ ಹತ್ತಿರ ಕೂತರು. ನಾನು ಹಿತ್ತಲಿಗೆ ಓಡಿದೆ. ಮಂಜಿನೊಳಗೆ, ಹುಲ್ಲಿನ ಮೆದೆ ಹಿಂದಿಂದ, ಆ ಹಾಡು ಬರ್ತಾ ಇತ್ತು. "ಕರು ಮಲಗೈತೆ, ಕೋಳಿ ಮಲಗೈತೆ..." ಎರಡು ಹೆಜ್ಜೆ ಹಿಂದಕ್ಕೆ ಇಟ್ಟೆ. ಮಗಳ ನರಳಾಟ ಕಿವಿಗೆ ಬಿತ್ತು ನೋಡಿ, ದೆವ್ವವಾದರೆ ದೆವ್ವ ಅಂತ ಮೆದೆ ಸುತ್ತಿ ಹೋದೆ.

ಮೈದ ಕುಕ್ಕುರುಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ಮುಚ್ಚಳ ಬಿಚ್ಚಿದ ರಿಸೀವರು. ಇನ್ನೊಂದು ಕೈಯಲ್ಲಿ ನನ್ನ ಹೇರ್‌ಪಿನ್ನು.

"ಲೋ! ನೋವು ಬಂದೈತೆ! ಕಾರ್‌ಗೆ ಫೋನ್ ಹಚ್ಚೋ!"

ಬೆಚ್ಚಿಬಿದ್ದವನ ಕೈಯಿಂದ ಪಿನ್ನು ಹಾರಿ ಹುಲ್ಲಿನೊಳಗೆ ಬಿತ್ತು. "ಅತ್ಗೆ, ಇದು ಈಗ ಅವ್ರ ನಂಬ್ರದಲ್ಲೈತೆ, ನಮ್ ಪೆಟ್ಗೆ ಇಡ್ಯಾಕಿಲ್ಲ!" ಹುಲ್ಲು ಕೆದರಿದ, ಉಗುರಿನಲ್ಲಿ ಸ್ವಿಚ್ಚು ಕೆರೆದ, ಒಂದೂ ಜಗ್ಗಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಮಾತಾಡೋ ಗುಂಡಿ ಒತ್ತಿ, ಆ ಹಾಡಿನೊಳಕ್ಕೇ ಕೂಗಿಬಿಟ್ಟ:

"ಅವ್ವಾ! ಹಾಡು ನಿಲ್ಸವ್ವಾ! ನಮ್ ಕೂಸಿಗೆ ನೋವು ಬಂದೈತೆ!"

ಹಾಡು ಕತ್ತರಿಸಿದ ಹಾಗೆ ನಿಂತಿತು. ಆ ಕಡೆ ಒಂದು ಮುದುಕಿ ಕಿಟಾರನೆ ಕಿರುಚಿದಳು: "ಅಯ್ಯೋ ಶಿವನೇ! ಫೋನೊಳಗೆ ಗಂಡ್ಸು ಸೇರ್ಕಂಡವ್ನೆ! ದೆವ್ವ!"

"ದೆವ್ವ ಅಲ್ಲ ಕಣವ್ವ! ಕ್ಯಾತನಹಳ್ಳಿಯೋನು!"

ನಾನು ಅಂಥ ಹೊತ್ತಿನಲ್ಲೂ ನಕ್ಕೆ ಅಂದರೆ ನಂಬ್ತೀರಾ? ಎರಡು ತಿಂಗಳು ನಾವು ಅವರಿಗೆ ಹೆದರಿದ್ದೇನು, ಇವತ್ತು ಅವರಿಗೆ ನಾವೇ ದೆವ್ವ! ಅಷ್ಟರಲ್ಲಿ ಹಾಡ್ತಿದ್ದ ದನಿ ಮಾತಾಡಿತು, ಗಟ್ಟಿಯಾಗಿ, ಬದುಕಿರೋ ಹೆಣ್ಣಿನ ದನಿ: "ಯಾರಾದ್ರೂ ಆಗಿ. ನಾನು ನರ್ಸು. ನೀರು ಹೋಗಿದ್ಯಾ? ಎಡಮಗ್ಗುಲಿಗೆ ಮಲಗಿಸಿ, ನಡೆಸಬೇಡಿ. ಅವ್ವಾ, ಕಿರುಚ್ಬೇಡ, ಅಪ್ಪಂಗೆ ಹಾಲಿನ ಟೆಂಪೋ ತೆಗೆಯೋಕೆ ಹೇಳು! ಮನೆ ಎಲ್ಲಿ ಅಂತ ಅವ್ರನ್ನ ಕೇಳು!"

ಹಾಲಿನ ಕ್ಯಾನುಗಳ ನಡುವೆ ಹಾಸಿಗೆ ಹಾಸಿ ನನ್ನ ಮಗಳು ಪಾಂಡವಪುರ ಸೇರಿದಳು. ಡಾಕ್ಟ್ರಮ್ಮ ಒಳಗೆ ಹಾಕಿಕೊಂಡು ಬಾಗಿಲು ಮುಚ್ಚಿದರು. ಹೊರಗೆ ಬೆಂಚಿನ ಮೇಲೆ ನಾನು, ಮೈದ.

"ಹೇಳ್ಲಾ" ಅಂದೆ.

ಹೇಳಿದ. ನಾಲೆ ಆಚೆ ತೋಟದ ಮನೆ. ಅವರ ಮಗಳಿಗೆ ನಾಗಮಂಗಲದಲ್ಲಿ ನರ್ಸಿನ ಕೆಲಸ, ಮಗು ಅಜ್ಜಿ ಹತ್ತಿರ. ಡ್ಯೂಟಿಗೆ ಹೋಗೋ ಮುಂಚೆ ಆರು ಗಂಟೆಗೆ ಫೋನು ಮಾಡಿ ಹಾಡ್ತಾಳೆ, ಅಜ್ಜಿ ರಿಸೀವರನ್ನು ಮಗುವಿನ ಕಿವಿಗೆ ಹಿಡೀತಾಳೆ. ಅವರದ್ದೂ ಅದೇ ಅಂಗಡಿಯ ಅದೇ ಫೋನು ಅಂತ ರಿಪೇರಿಯವನೇ ಹೇಳಿದ್ದನಂತೆ, ಎರಡಕ್ಕೂ ಅಂಗಡಿಯಿಂದ ಬಂದ ಒಂದೇ ನಂಬರು. ನಾಲೆ ಆಚೆಗೆ ಕರೆಂಟು ಬೇರೆ ಲೈನು. ಇವನು ಕೆಸರು ತುಳಿದುಕೊಂಡು ಹೋಗಿ, ದಾರಿಹೋಕನ ಹಾಗೆ ಅವರ ಜಗಲಿ ಮೇಲೆ ಮಜ್ಜಿಗೆ ಕುಡಿದು, ಎಲ್ಲ ನೋಡಿ, ಏನೂ ಹೇಳದೆ ಎದ್ದು ಬಂದಿದ್ದ. ಅವತ್ತಿನಿಂದ ದಿನಾ ಹೊತ್ತು ಮುಳುಗುವಾಗ ರಿಸೀವರನ್ನು ಹಳೇ ನಂಬರಿಗೆ ತಿರುಗಿಸಿ ಮಗಳ ಪಕ್ಕ ಇಡೋದು, ಹಾಡು ಮುಗಿದ ಮೇಲೆ ಮತ್ತೆ ಭದ್ರ ಮಾಡೋದು.

"ಅಂದ್ರೆ ನಿನ್ ಬೀಗ ಕೆಟ್ಟೇ ಇರ್ಲಿಲ್ವಾ?"

"ನನ್ ಬೀಗ ಯಾವತ್ತು ಕೆಟ್ಟಿತ್ತು ಅತ್ಗೆ?"

"ಮತ್ತೆ ಊರೆಲ್ಲ ಉಗೀತಿದ್ರೆ ಬಾಯ್ ಮುಚ್ಕಂಡಿದ್ಯಲ್ಲೋ! ನನ್ ಮಗ್ಳಿಗಾದ್ರೂ ನಿಜ ಹೇಳ್ಬೋದಿತ್ತು."

"ಏನಂತ ಹೇಳ್ಲಿ? ಆ ಹಾಡು ನಿನ್ ಮಗೀಗಲ್ಲ ಕಣವ್ವ, ಹಾಲಿನ ಟೆಂಪೋದೋರ ಮೊಮ್ಮಗಂಗೆ ಅನ್ಲಾ?" ಅಂದ. ಗೋಡೆ ಕಡೆ ತಿರುಗಿದ.

ಅಷ್ಟರಲ್ಲಿ ಬಾಗಿಲಾಚೆ ಒಂದು ಅಳು ಎದ್ದಿತು ನೋಡಿ! ಕುಯ್ ಅನ್ನೋದಲ್ಲ, ಆಸ್ಪತ್ರೆ ಹೆಂಚು ಹಾರೋ ಅಂಥದ್ದು! ನನ್ನ ಮೊಮ್ಮಗಳು! ನಾನು ಕುಣಿದೆ. ನಿಜವಾಗ್ಲೂ 'ಥೈ' ಅಂತ ಕುಣಿದೆ, ಹಾಲಿನ ಟೆಂಪೋದವರ ಎದುರಿಗೇ!

ಮನೆಗೆ ಬಂದ ಮೇಲೆ ಮಗಳು ರಿಸೀವರಿನ ಗೊಡವೆಗೇ ಹೋಗಲಿಲ್ಲ. ಸಂಜೆಯಾದರೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಅವಳೇ ಗುನುಗ್ತಿದ್ದಳು. ಮೈದನೂ ಪಿನ್ನು ಕೇಳಲಿಲ್ಲ. ಹದಿನೈದು ದಿನ ಕಳೆದಿರಬೇಕು, ಒಂದು ಸಂಜೆ ಅವನು ಬಾಗಿಲ ಹತ್ತಿರ ಹಾದು ಹೋಗುವಾಗ ಕರೆದಳು.

"ಚಿಕ್ಕಪ್ಪ, ಆ ಹಾಡು ಈಗ ಬರ್ತಾನೇ ಇಲ್ವಲ್ಲ?"

ನಾನು ಬೀಸಣಿಗೆ ಬೀಸೋದು ನಿಲ್ಲಿಸಿದೆ. ಮೈದ ಹೊಸ್ತಿಲ ಹೊರಗೇ ನಿಂತ. ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆದ.

"ಆ ಮಗ ನಿದ್ದೆ ಹೋಗಿರ್ಬೇಕು ಕಣವ್ವ."

ಮಗಳು ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮಗುವಿನ ಮೇಲೆ ಸೆರಗು ಎಳೆದುಕೊಂಡು, "ಹೂಂ, ಹಂಗಾರೆ ಮೆಲ್ಲಕೆ ಮಾತಾಡು ಚಿಕ್ಕಪ್ಪ" ಅಂದಳು.